ಆಯುಧಪೂಜೆಯ ಹಾರ

ಆಯುಧಪೂಜೆಯ ದಿನ ಇಸ್ತ್ರಿ ಅಂಗಡಿಯ ಚೌಡಮ್ಮ ಹೊಸ ಮೊಬೈಲಿಗೇ ಮೊದಲು ಕುಂಕುಮ ಇಟ್ಟಳು, ಸೇವಂತಿಗೆ ಹಾರವನ್ನೂ ಅದಕ್ಕೇ ಹಾಕಿದಳು. ಪಕ್ಕದಲ್ಲಿದ್ದ ಹಳೆಯ ಹಿತ್ತಾಳೆ ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕದೆಯೇ ಹೊಟ್ಟೆ ಉರಿಯಿತು.

“ಈ ಮನೆಗೆ ಅನ್ನ ಹಾಕಿದವನು ನಾನು. ನಿನ್ನೆ ಮೊನ್ನೆ ಬಂದು ಸಿನಿಮಾ ತೋರಿಸಿದ ನಿನಗೆ ಹಾರವೋ?” ಎಂದು ಗದರಿತು.

“ಹೋದ ವರ್ಷ ಇಂಥದೇ ಹಾರ ನನ್ನಣ್ಣನ, ಆ ಹಳೆಯ ಮೊಬೈಲಿನ ಕೊರಳಲ್ಲಿತ್ತು, ತಾತ,” ಎಂದಿತು ಮೊಬೈಲು. “ನಾನು ಹುಟ್ಟಿದ ಕೂಡಲೇ ನಮ್ಮನ್ನು ಹೆತ್ತ ಕಂಪನಿಯೇ ಅಪ್‌ಡೇಟ್ ಕಳಿಸಿ ಅವನ ಕೈಕಾಲು ಕಟ್ಟಿಹಾಕಿತು. ಆ ತಾಯಿ ಈಗ ಮತ್ತೆ ಬಸುರಿಯಂತೆ. ಇರಲಿ, ನಿನ್ನನ್ನು ಮಾಡಿದವರು ಯಾರು?”

“ಒಬ್ಬ ಕಂಚುಗಾರ. ಅವನು ಸತ್ತು ಯಾವ ಕಾಲವಾಯಿತೋ.”

“ಪುಣ್ಯ ಮಾಡಿದ್ದೀಯ, ತಾತ,” ಎಂದಿತು ಮೊಬೈಲು. ಆ ದನಿಯಲ್ಲಿದ್ದ ಹೊಟ್ಟೆಯುರಿಯನ್ನು ಇಸ್ತ್ರಿಪೆಟ್ಟಿಗೆ ಥಟ್ಟನೆ ಗುರುತಿಸಿತು.