ಸಂಡಿಗೆ ಕಾಯುವ ಶಿಕ್ಷೆ

ಎದುರು ಮಾತಾಡಿದ ತಪ್ಪಿಗೆ ಜೈಲಿನ ಸಾಹೇಬರು ಕೈದಿ ಹೊನ್ನೂರಪ್ಪನನ್ನು ಕತ್ತಲೆ ಕೋಣೆಗೆ ಹಾಕಿಸಿದರು. ಎಂಟು ದಿನಕ್ಕೆ ಅವನ ಕಣ್ಣು ಮಂಜಾಯಿತು.

"ದಿನಕ್ಕೊಂದು ಗಂಟೆಯಾದರೂ ಹೊರಗೆ ಬಿಡಬೇಕು ಸಾರ್. ಪ್ರಪಂಚವೇ ಒಪ್ಪಿದ ನಿಯಮ," ಎಂದ ಮುದಿ ವಾರ್ಡರ್.

"ಈ ಜೈಲಿಗೆ ನಾನೇ ಪ್ರಪಂಚ!"

ವಾರ್ಡರ್ ತಲೆ ಕೆರೆದುಕೊಂಡ. "ಅದೂ ಸರೀನೇ. ಆದ್ರೆ ಆ ಸೋಮಾರಿ ನೆರಳಲ್ಲಿ ತಂಪಾಗಿ ಮಲಗಿದ್ದಾನಲ್ಲ ಸಾರ್! ಅಂಗಳದಲ್ಲಿ ಅಮ್ಮಾವ್ರ ಸಂಡಿಗೆಗೆ ಕಾಗೆ ಕಾಟ. ಬಿಸಿಲಲ್ಲಿ ನಿಂತು ಓಡಿಸಲಿ, ಸೊಕ್ಕು ಇಳಿಯುತ್ತೆ."

"ಭೇಷ್! ದಿನಾ ನಿಲ್ಲಿಸು!" ಸಾಹೇಬರು ಮೀಸೆ ತಿರುವಿದರು.

ಹೊನ್ನೂರಪ್ಪ ಅಂಗಳಕ್ಕೆ ಬಂದು ಬಿಸಿಲಿಗೆ ಮುಖ ಒಡ್ಡಿದ. ಕಣ್ಣು ತುಂಬಿ ಬಂತು. ವಾರ್ಡರಿಗೆ ಕೈಮುಗಿದ.

"ನನಗಲ್ಲೋ, ಆ ಕಾಗೆಗಳಿಗೆ ಮುಗಿ," ಎಂದ ವಾರ್ಡರ್. "ಹಾಗಂತ ಪೂರ್ತಿ ಓಡಿಸಿಬಿಡಬೇಡ. ನಾಳೆಯೂ ಅವು ಬರಬೇಕು!"