ಅರ್ಧ ಗಂಟೆಯ ಪರೀಕ್ಷೆ

ಕಂಪನಿ ಮನೆಗೆ ಕಳಿಸಿ ಹನ್ನೊಂದು ತಿಂಗಳಾಗಿತ್ತು. ಐವತ್ತೆರಡರ ಆ ಪ್ರೋಗ್ರಾಮರ್‌ಗೆ ಇದು ಹದಿನೇಳನೆಯ ಇಂಟರ್‌ವ್ಯೂ. ಇದೂ ಕೈಕೊಟ್ಟರೆ ಇನ್ನು ಯಾರೂ ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಎದುರಿಗೆ ಕೂತ ಮ್ಯಾನೇಜರ್ ತನ್ಮಯ್‌ಗೆ ಇಪ್ಪತ್ತೊಂಬತ್ತು. "ಅಂಕಲ್... ಸಾರಿ, ಸರ್," ಎಂದ. "ಆಸ್ಪತ್ರೆಗಳಿಗೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್ ಆಗಾಗ ನಿಂತುಹೋಗುತ್ತೆ. ನಮ್ಮ ಹುಡುಗರು ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದಾರೆ. ನಿಮಗೆ ಅರ್ಧ ಗಂಟೆ. ಇಂಟರ್‌ನೆಟ್ ಇಲ್ಲ, ಫೋನ್ ಇಲ್ಲ, ಎಐ ಇಲ್ಲ. ನಿಮ್ಮ ಕಾಲದವರಿಗೆ ಅದೆಲ್ಲ ಬೇಕಾಗಲ್ಲ, ಅಲ್ವಾ?"

ಅವರು ಕಂಪ್ಯೂಟರ್ ಮುಟ್ಟಲಿಲ್ಲ. ಎದ್ದು ಗಾಜಿನ ಗೋಡೆಯಾಚೆ ಹೋಗಿ, ಆಸ್ಪತ್ರೆಗಳ ದೂರಿನ ಕರೆ ತೆಗೆದುಕೊಳ್ಳುತ್ತಿದ್ದ ಫಿಲೋಮಿನಾಳನ್ನು ಕೇಳಿದರು: "ಸಾಫ್ಟ್‌ವೇರ್ ನಿಂತಾಗ ಆಸ್ಪತ್ರೆಯವರಿಗೆ ನೀವೇನು ಹೇಳ್ತೀರಮ್ಮಾ?"

"ಹಳ್ಳಿಯಿಂದ ಬರೋ ಎಷ್ಟೋ ರೋಗಿಗಳಿಗೆ ಒಂದೇ ಹೆಸರಿರುತ್ತೆ ಸರ್. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ನಿಂತುಬಿಡುತ್ತೆ. ಅಲ್ಲೊಂದು ಚುಕ್ಕಿ ಹಾಕಿ ಅಂತೀನಿ."

ವಾಪಸ್ ಬಂದು ಎರಡು ಸಾಲು ತಿದ್ದಿದರು. ಆ ಜಾಗ ಖಾಲಿ ಬಿಟ್ಟರೂ ಸಾಫ್ಟ್‌ವೇರ್ ನಿಲ್ಲಲಿಲ್ಲ.

ತನ್ಮಯ್ ಮುಖ ಕೆಂಪಾಯಿತು. "ಇದು ಮೋಸ! ಫಿಲೋಮಿನಾನ ಕೇಳಿ ತಿಳಕೊಂಡ್ರಿ ನೀವು."

"ನೀವು ಬೇಡ ಅಂದಿದ್ದನ್ನೆಲ್ಲ ಬಿಟ್ಟೆ ಸರ್. ಮನುಷ್ಯರನ್ನ ಮಾತಾಡಿಸಬೇಡಿ ಅಂತ ನೀವು ಹೇಳಲಿಲ್ಲ."

"ಮೂರು ವಾರದಿಂದ ಆಕೆ ನಮಗ್ಯಾಕೆ ಹೇಳಲಿಲ್ಲ?"

"ನಾನೂ ಅದನ್ನೇ ಕೇಳಿದೆ. ಯಾರೂ ಕೇಳಲಿಲ್ಲ ಅಂದರು."

ತನ್ಮಯ್ ಗಾಜಿನಾಚೆ, ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂತಿದ್ದ ತನ್ನ ಹುಡುಗರನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ, "ಸೋಮವಾರದಿಂದ ಬರ್ತೀರಾ ಸರ್?" ಎಂದ.

ಅವರು ಬರುತ್ತೇನೆಂದು ತಲೆಯಾಡಿಸಿದರು.