ನೀಲಿ ಮೀನಿನ ತಟ್ಟೆಯೂ ಬಟ್ಟಲಗೌರಿಯ ನೇಮವೂ

ದೀಪದ ಬತ್ತಿ ಸರಿಮಾಡಿದ್ದಾಯಿತು, ಎಲ್ಲರ ಕೈಗೂ ಅಕ್ಷತೆ ಬಂದಾಯಿತು. ಬಾಗಿಲ ಬಳಿ ಕೂತವರು ಪಿಸುಮಾತು ಬಿಟ್ಟು ಈಚೆ ಸರಿದು ಕೂಡಿರಿ. ಬಟ್ಟಲಗೌರಿಯ ಕಥೆಯನ್ನು ಅರ್ಧ ಕಿವಿಯಲ್ಲಿ ಕೇಳಿದವರಿಗೆ ಅರ್ಧ ಹೊಟ್ಟೆಯೇ ತುಂಬುವುದು, ಆಮೇಲೆ ನನ್ನನ್ನು ಅನ್ನಬೇಡಿರಿ.

ಪಡುವಣ ಕಡಲ ತೀರದಲ್ಲಿ ಶಂಖಪಟ್ಟಣವೆಂಬ ಊರಿತ್ತು. ಆ ಊರಲ್ಲಿ ನಾಗಿಸೆಟ್ಟಿಯೆಂಬ ವರ್ತಕನು ಹಡಗುಗಳಿಗೆ ಮೆಣಸು ಏರಿಸಿ, ಹಡಗುಗಳಿಂದ ರೇಷ್ಮೆ ಇಳಿಸಿಕೊಂಡು, ದೇವರಿಗೆ ಅಂಜಿ ಬಾಳುತ್ತಿದ್ದನು. ಅವನ ಹೆಂಡತಿ ಮಾಳವ್ವೆ. ಆಕೆಗೆ ಚಿನ್ನದ ಆಸೆಯಿಲ್ಲ, ಸೀರೆಯ ಆಸೆಯಿಲ್ಲ, ಇದ್ದುದೊಂದೇ, ಚೀನದ ಪಿಂಗಾಣಿಯ ಹುಚ್ಚು. ಹಡಗು ಬಂತೆಂದು ಕೇಳಿದರೆ ಸಾಕು, ಹಾಲು ಉಕ್ಕುತ್ತಿದ್ದರೂ ಒಲೆ ಬಿಟ್ಟು ಗಂಡನನ್ನು ಬಂದರಿಗೆ ಅಟ್ಟುವಳು. ಹೀಗೆ ದಾಳಿಂಬೆ ಹೂವಿನ ಬಟ್ಟಲು, ಕೆಂಪು ಅಂಚಿನ ಬೋಗುಣಿ, ಮೊಟ್ಟೆಯ ಚಿಪ್ಪಿನಂಥ ತೆಳ್ಳನೆಯ ಲೋಟ, ಮುಚ್ಚಳದ ಜಾಡಿ, ಇನ್ನೂ ಹತ್ತಾರು ಬಟ್ಟಲು ತಟ್ಟೆಗಳು, ಇವೆಲ್ಲ ಬಂದು ಅಡುಗೆಮನೆಯ ಗೋಡೆಯ ನಾಗಂದಿಗೆಯ ಮೇಲೆ ಸಾಲಾಗಿ ಕೂತವು. ಎಲ್ಲಕ್ಕೂ ನಡುವೆ ಒಂದು ಬಿಳಿಯ ತಟ್ಟೆ. ಅದರ ತಳದಲ್ಲಿ ಒಂದು ನೀಲಿ ಮೀನು.

ಮಾಳವ್ವೆ ಅವನ್ನು ದಿನವೂ ಇಳಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮತ್ತೆ ಏರಿಸುವಳು. ಆದರೆ ಒಂದು ದಿನವೂ ಅವುಗಳಲ್ಲಿ ಒಂದು ತುತ್ತು ಬಡಿಸಿದವಳಲ್ಲ. ತಂದುಕೊಟ್ಟ ಗಂಡನೇ ಬಾಳೆಲೆಯಲ್ಲಿ ಉಣ್ಣಬೇಕು. ಊರ ಹೆಂಗಸರು ನೋಡಲು ಬಂದರೆ ಹೊಸ್ತಿಲ ಆಚೆ ನಿಂತು, ಕೈಗಳನ್ನು ಹಿಂದೆ ಕಟ್ಟಿಕೊಂಡು ನೋಡಬೇಕು. ಹಾಗೆಂದು ಮಾಳವ್ವೆ ಕೆಟ್ಟವಳೆಂದುಕೊಳ್ಳಬೇಡಿರಿ. ಬಂದವರಿಗೆ ಎಲೆ ತುಂಬ ಬಡಿಸುವಳು. ತಟ್ಟೆಯ ಮಾತೆತ್ತಿದರೆ ಮಾತ್ರ ಮುಖ ಬಿಗಿಯುವುದು.

ಆ ಮನೆಯ ಪಕ್ಕದಲ್ಲಿ ಹಡಗಿನ ಹಗ್ಗ ಹೊಸೆಯುವ ಮಾಚಯ್ಯನ ಹೆಂಡತಿ ಸಂಕವ್ವ ಚೊಚ್ಚಲ ಬಸುರಿಯಾಗಿದ್ದಳು. ಐದನೆಯ ತಿಂಗಳಲ್ಲಿ ಒಂದು ಶುಕ್ರವಾರ ಮಜ್ಜಿಗೆಗೆಂದು ಬಂದವಳು ನಾಗಂದಿಗೆಯತ್ತ ಕಣ್ಣೆತ್ತಿ ನೀಲಿ ಮೀನನ್ನು ಕಂಡಳು. ಕಂಡವಳೇ ನಾಚಿ, ಸೆರಗಿನ ತುದಿ ಸುತ್ತುತ್ತ, "ಅಕ್ಕಾ, ನನಗೊಂದು ಬಯಕೆ. ಆ ತಟ್ಟೆಯಲ್ಲಿ ಮೊಸರನ್ನ ಹಾಕಿಕೊಡಿ. ಉಣ್ಣುತ್ತ ಉಣ್ಣುತ್ತ ಮೀನು ಕಾಣಿಸಬೇಕು, ಅಲ್ಲಿಯವರೆಗೆ ಉಣ್ಣುತ್ತೇನೆ" ಎಂದಳು.

ಮಾಳವ್ವೆ ಒಮ್ಮೆ ತಟ್ಟೆಯತ್ತ, ಒಮ್ಮೆ ಅವಳತ್ತ ನೋಡಿದಳು. ಒಲ್ಲೆನೆನ್ನಲು ಬಾಯಿ ಬಾರದೆ, ಕೊಡಲು ಕೈ ಬಾರದೆ, ಮಡಿಯ ನೆಪವನ್ನು ಮುಂದೆ ಮಾಡಿದಳು. ಪಿಂಗಾಣಿಯೆಂದರೆ ಮಣ್ಣು, ಮಣ್ಣಿನ ಪಾತ್ರೆ ಒಮ್ಮೆ ಎಂಜಲಾದರೆ ಮತ್ತೆ ಶುದ್ಧವಾಗದು, ಆಮೇಲೆ ಎಸೆಯಲೇಬೇಕು ಎಂದಳು. ಹಾಗೆಂದು ಬೆಳ್ಳಿಯ ಬಟ್ಟಲಲ್ಲೇ ಮೊಸರನ್ನ ಕಲಸಿ, ಶುಂಠಿ ಕರಿಬೇವು ಒಗ್ಗರಿಸಿ, ಮೇಲೆ ದ್ರಾಕ್ಷಿ ಉದುರಿಸಿ ಕೊಟ್ಟಳು. ಸಂಕವ್ವ ಎರಡು ತುತ್ತು ಉಂಡು, ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಕೈ ತೊಳೆದು ಎದ್ದು ಹೋದಳು. ಮಾಳವ್ವೆ ತಟ್ಟೆ ಉಳಿಯಿತೆಂದು ನಿಟ್ಟುಸಿರುಬಿಟ್ಟಳು.

ಅಂದು ಸಂಜೆಯೇ ಆ ಮನೆಯಿಂದ ಹಸಿವೆ ಹೊರಟುಹೋಯಿತು. ನಾಗಿಸೆಟ್ಟಿ ಎಲೆಯ ಮುಂದೆ ಕೂತನು, ಅನ್ನವನ್ನು ನೋಡಿದನು, ಕೈ ತೊಳೆದು ಎದ್ದನು. ಮರುದಿನವೂ ಹಾಗೆಯೇ. ಮಾಳವ್ವೆಗೂ ಹಸಿವಿಲ್ಲ, ಅಡುಗೆಯವಳಿಗೂ ಹಸಿವಿಲ್ಲ, ಅಂಗಳದಲ್ಲಿಟ್ಟ ಅನ್ನವನ್ನು ಕಾಗೆಯೂ ಮೂಸದು. ಒಲೆ ಉರಿಯುತ್ತಿತ್ತು, ಅನ್ನ ಬೇಯುತ್ತಿತ್ತು, ಉಣ್ಣುವವರಿರಲಿಲ್ಲ. ವೈದ್ಯರು ಹಿಪ್ಪಲಿ ಕೊಟ್ಟರು, ಜೀರಿಗೆ ಕಷಾಯ ಕೊಟ್ಟರು, ನಾಲಗೆ ನೋಡಿದರು, ನಾಡಿ ಹಿಡಿದರು, ತಲೆಯಾಡಿಸಿ ಹೋದರು. ತಿಂಗಳು ಕಳೆದಂತೆ ಹೆಂಗಸರು ಹೇಗೋ ಗಂಜಿಯ ತಿಳಿ ಕುಡಿದು ನಿಂತರು, ಗಂಡಸು ನಿಲ್ಲಲಿಲ್ಲ. ನಾಗಿಸೆಟ್ಟಿಯ ತೋಳಿನ ಕಡಗ ಮೊಣಕೈಗೆ ಇಳಿಯಿತು, ಮೊಣಕೈಯಿಂದ ಮುಂಗೈಗೆ ಇಳಿಯಿತು. ಅದು ಕೈಯಿಂದಲೇ ಕಳಚಿ ಬೀಳುವ ದಿನ ದೂರವಿಲ್ಲವೆಂದು ಮಾಳವ್ವೆಗೆ ತಿಳಿಯಿತು.

ಹೀಗಿರಲು ಸಂಕವ್ವನಿಗೆ ಗಂಡುಮಗು ಹುಟ್ಟಿತು. ಹೆರಿಗೆ ಮಾಡಿಸಿ ಹೊರಟ ಸೂಲಗಿತ್ತಿ ಕಾಳವ್ವ ಸೆಟ್ಟಿಯ ಜಗಲಿಯಲ್ಲಿ ದಣಿವಾರಿಸಿಕೊಳ್ಳಲು ಕೂತಳು. ಮಾಳವ್ವೆ ಆಕೆಯ ಕಾಲು ಹಿಡಿದು ಗಂಡನ ಸ್ಥಿತಿಯನ್ನು ಹೇಳಿ ಅತ್ತಳು. ಆ ಮುದುಕಿ ಊರ ಮಕ್ಕಳನ್ನೆಲ್ಲ ಭೂಮಿಗಿಳಿಸಿದವಳು, ಯಾರ ಮುಲಾಜೂ ಇಲ್ಲದವಳು.

"ಬಸುರಿಯ ಬಯಕೆಯನ್ನು ಬರಿಗೈಯಲ್ಲಿ ಕಳಿಸಿದೆಯಲ್ಲೇ ತಾಯಿ, ಅದರ ಬೆನ್ನ ಹಿಂದೆಯೇ ನಿನ್ನ ಮನೆಯ ಹಸಿವೂ ಹೋಯಿತು. ಬಯಕೆ ತೀರದ್ದಕ್ಕೆ ಆ ಮಗುವಿನ ಕಿವಿ ಹುಟ್ಟುತ್ತಲೇ ಸೋರುತ್ತಿದೆ. ಮಣ್ಣೆಂದು ನೆಪ ಹೇಳಿದೆಯಂತೆ. ನೀರೇ ಇಳಿಯದ ಹೊಳಪಿನೊಳಗೆ ಎಂಜಲು ಎಲ್ಲಿಂದ ಇಳಿಯುತ್ತದೆ? ಉಂಡ ತಟ್ಟೆಯಲ್ಲಿ ಗೌರಿ ತೃಪ್ತಳಾಗಿ ಕೂರುತ್ತಾಳೆ, ಉಣ್ಣದ ತಟ್ಟೆಯಲ್ಲಿ ಉಪವಾಸ ಕೂರುತ್ತಾಳೆ. ನಿನ್ನ ನಾಗಂದಿಗೆಯ ತುಂಬ ಉಪವಾಸದ ಗೌರಿಯರೇ."

ಹೀಗೆಂದು ಕಾಳವ್ವ ಬಟ್ಟಲಗೌರಿಯ ನೇಮವನ್ನು ಹೇಳಿಕೊಟ್ಟಳು. ಏಳು ಶುಕ್ರವಾರ ಪಿಂಗಾಣಿಯನ್ನು ನಾಗಂದಿಗೆಯಿಂದ ಇಳಿಸಿ, ತೊಳೆದು, ಅರಿಶಿನ ಕುಂಕುಮವಿಟ್ಟು, ಹಸಿದು ಬಂದವರಿಗೆ ಅದರಲ್ಲೇ ಬಡಿಸಬೇಕು. ಪಾತ್ರೆ ಒಡೆದರೆ "ಗೌರಿ ಉಂಡಳು" ಎಂದು ಚೂರುಗಳನ್ನು ತುಳಸಿಯ ಬುಡಕ್ಕೆ ಹಾಕಬೇಕು. ಬೈಯಬಾರದು, ಬೆಲೆ ಹೇಳಬಾರದು, ಮುಖ ಸಣ್ಣದು ಮಾಡಬಾರದು. ಮಾಡಿದರೆ ಮತ್ತೆ ಒಂದರಿಂದ ಎಣಿಸಬೇಕು. ಏಳನೆಯ ಶುಕ್ರವಾರ ಸಂಕವ್ವನೇ ನೀಲಿ ಮೀನಿನ ತಟ್ಟೆಯಲ್ಲಿ ಉಣ್ಣಬೇಕು.

ಮಾಳವ್ವೆ ಮೊದಲ ಶುಕ್ರವಾರ ಪಾಯಸ ಮಾಡಿ, ಪಿಂಗಾಣಿ ಹರವಿ, ಬಾಗಿಲಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಬ್ಬರೂ ಬರಲಿಲ್ಲ. ಕೈ ಹಿಂದೆ ಕಟ್ಟಿಸಿದವಳ ಮನೆಯಲ್ಲಿ ಕೈ ಚಾಚುವವರು ಯಾರು? ಕರೆದರೆ ಹೊಸ್ತಿಲಲ್ಲೇ ನಿಂತು, ಹೊಟ್ಟೆ ತುಂಬಿದೆ ಎನ್ನುತ್ತಿದ್ದರು. ಎರಡನೆಯ ವಾರ ಆಕೆ ಬೀದಿಗೇ ಇಳಿದು, ಉಪ್ಪು ಮಾರಲು ಬಂದ ಪರವೂರಿನ ಹೆಂಗಸನ್ನು ಕೈಹಿಡಿದು ಕರೆತಂದಳು. ಅವಳು ತೆಳ್ಳನೆಯ ಲೋಟವನ್ನು ಉಪ್ಪಿನ ಚೀಲ ಎತ್ತುವ ಕೈಯಲ್ಲಿ ಹಿಡಿದಳು, ಲೋಟ ಎರಡಾಯಿತು. ಮಾಳವ್ವೆಯ ಬಾಯಿ "ಗೌರಿ ಉಂಡಳು" ಎಂದಿತು, ಮುಖ ಮಾತ್ರ ಸುಟ್ಟ ಬದನೆಕಾಯಿಯಾಯಿತು. ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಕಾಳವ್ವ, "ಒಂದರಿಂದ ಎಣಿಸು" ಎಂದಳು.

ಇನ್ನೊಬ್ಬಳಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದಳು. ಮಾಳವ್ವೆ ಬಿಡುವವಳಲ್ಲ. ಕೂಡಿಡುವುದಕ್ಕಿದ್ದ ಹಟವನ್ನೇ ಈಗ ಬಡಿಸುವುದಕ್ಕೆ ತಿರುಗಿಸಿದಳು. ತಾನೇ ಮೊದಲು ಬೋಗುಣಿಯಲ್ಲಿ ಅನ್ನ ಕಲಸಿ, ಬೇಡದ ತುತ್ತನ್ನು ನುಂಗಿ ತೋರಿಸಿ, ಬಂದವರ ಅಂಜಿಕೆ ಬಿಡಿಸಿದಳು. ದೋಣಿಯವರು ಬಂದರು, ಬಳೆಗಾರ ಬಂದನು, ಮೀನು ಮಾರುವವರು ಬುಟ್ಟಿ ಹೊರಗಿಟ್ಟು ಬಂದರು. ಒಮ್ಮೆ ಎಣಿಕೆ ಮೂರಕ್ಕೆ ಬಂದಾಗ ದಾಳಿಂಬೆ ಹೂವಿನ ಬಟ್ಟಲು ಹೋಯಿತು, ಕಣ್ಣಲ್ಲಿ ನೀರು ಬಂತು, ಮತ್ತೆ ಒಂದು. ಒಮ್ಮೆ ಐದಕ್ಕೆ ಬಂದಾಗ ಜಾಡಿಯ ಮುಚ್ಚಳ ಬಿರಿಯಿತು. ಆಗ ಆಕೆ ಅಳಲಿಲ್ಲ, ಬರಿದೆ ಒಂದು ಉಸಿರು ಬಿಟ್ಟಳು. ಕಾಳವ್ವ ಅದನ್ನೂ ಕೇಳಿಸಿಕೊಂಡಳು, ಮತ್ತೆ ಒಂದು. ಒಳಗೆ ಗಂಡನ ಕಡಗವನ್ನು ನೋಡುವಳು, ಹೊರಗೆ ಬಂದು ಬಡಿಸುವಳು. ಆಮೇಲಾಮೇಲೆ ಒಂದು ವಿಚಿತ್ರವಾಯಿತು. ಕೈಗಳು ಬಟ್ಟಲಿಗೆ ಹೋಗುವುದನ್ನು, ಬಟ್ಟಲು ಬರಿದಾಗುವುದನ್ನು ನೋಡುವುದೇ ಆಕೆಗೆ ಚೆಂದವೆನಿಸಿತು. ಕೆಂಪು ಅಂಚಿನ ಬೋಗುಣಿ ಒಡೆದ ದಿನ ಮಾಳವ್ವೆ ಮೊದಲು ನೋಡಿದ್ದು ಉಣ್ಣುವವನ ಬೆರಳು ಕೊಯ್ದಿತೇ ಎಂದು. ಕಾಳವ್ವ ಏನೂ ಅನ್ನಲಿಲ್ಲ. ಅದು ಆರನೆಯ ಶುಕ್ರವಾರ.

ಏಳನೆಯ ಶುಕ್ರವಾರ ಮಾಳವ್ವೆ ನೀಲಿ ಮೀನಿನ ತಟ್ಟೆಯನ್ನೂ ಮೊಸರನ್ನದ ಪಾತ್ರೆಯನ್ನೂ ಎತ್ತಿಕೊಂಡು, ಊರವರು ನೋಡುತ್ತಿರಲು, ಹಗ್ಗದ ಮಾಚಯ್ಯನ ಗುಡಿಸಲಿಗೆ ನಡೆದುಹೋದಳು. ಸಂಕವ್ವ ಮಗುವಿನ ಕಿವಿ ಒರೆಸುತ್ತಿದ್ದಳು. ಏಳಲಿಲ್ಲ.

"ಆ ಬಯಕೆ ಹೆರಿಗೆಯ ಜೊತೆಗೇ ಹೋಯಿತು ಅಕ್ಕಾ. ಈಗ ಉಂಡರೆ ಅದು ನಿಮ್ಮ ನೇಮಕ್ಕೆ ಉಂಡಂತೆ, ನನಗಲ್ಲ" ಎಂದಳು.

ಮಾಳವ್ವೆ ನೆಲದ ಮೇಲೆ ಕೂತಳು. "ಅಂದು ನಾನು ಹೇಳಿದ್ದು ಮಡಿಯಲ್ಲವಮ್ಮ, ಸುಳ್ಳು. ನಿನಗಿಂತ ತಟ್ಟೆ ದೊಡ್ಡದೆನಿಸಿತ್ತು. ನೇಮ ಕೆಟ್ಟರೆ ಮತ್ತೆ ಒಂದರಿಂದ ಎಣಿಸುತ್ತೇನೆ, ನನಗೆ ರೂಢಿಯಾಗಿದೆ. ನೀನು ಉಣ್ಣುವ ತನಕ ಪ್ರತಿ ಶುಕ್ರವಾರ ಬರುತ್ತೇನೆ" ಎಂದಳು.

ಸಂಕವ್ವ ಮಗುವನ್ನು ತೊಡೆಗೆಳೆದುಕೊಂಡು ಕೈ ತೊಳೆದಳು. ತುತ್ತು ತುತ್ತಿಗೂ ಅನ್ನ ಸರಿಯಿತು, ಬಾಲ ಕಂಡಿತು, ರೆಕ್ಕೆ ಕಂಡಿತು, ಕಣ್ಣು ಕಂಡಿತು. ಮಗು ಮೀನಿನ ಮೇಲೆ ಅಂಗೈ ಬಡಿದು ಕೇಕೆ ಹಾಕಿತು. ಸಂಕವ್ವ ತಟ್ಟೆಯನ್ನು ತೊಳೆದು, ತನ್ನ ಗುಡಿಸಲಿನ ಗೂಡಿನಲ್ಲೇ ಇಟ್ಟುಕೊಂಡು, "ಇದು ಇಲ್ಲಿರಲಿ" ಎಂದಳು. ಮಾಳವ್ವೆ "ಇರಲಿ" ಎಂದಳು. ಮುಖ ಸಣ್ಣದಾಗಲಿಲ್ಲ. ಅಂದಿನಿಂದ ಮಗುವಿನ ಕಿವಿ ಒಣಗಿತು.

ಮಾಳವ್ವೆ ಮನೆಗೆ ಬಂದು ನೋಡಿದರೆ ಜಗಲಿ ತುಂಬ ಜನ, ಉಳಿದ ಒಂದೊಂದು ಪಿಂಗಾಣಿಯೂ ಒಬ್ಬೊಬ್ಬರ ಮುಂದೆ. ಅಡುಗೆಯವಳು ಬಡಿಸಿ ಸೋತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಾಗಿಸೆಟ್ಟಿ ಗೋಡೆ ಹಿಡಿದುಕೊಂಡು ನಿಂತಿದ್ದನು.

"ಮಾಳೀ, ಸಾರು ಘಮ್ಮೆನ್ನುತ್ತಿದೆ. ನನಗೂ ಒಂದಿಷ್ಟು ಹಾಕು" ಎಂದನು.

ಆಕೆ ಸುತ್ತ ನೋಡಿದಳು. ಒಂದು ಬಟ್ಟಲೂ ಖಾಲಿಯಿಲ್ಲ. ಎಲೆ ಕೊಯ್ಯಲು ಹಿತ್ತಿಲಿಗೆ ಓಡಹೊರಟವಳನ್ನು ಅವನು ತಡೆದು, ಅಷ್ಟು ಹೊತ್ತು ತಾಳಲಾರೆನೆಂದನು. ಆಗ ಮಾಳವ್ವೆ ಗಂಡನನ್ನು ಒಲೆಯ ಪಕ್ಕ ಕೂರಿಸಿ, ಪಾತ್ರೆಯಲ್ಲೇ ಅನ್ನ ಸಾರು ಕಲಸಿ, ಅವನ ಅಂಗೈಗೆ ತುತ್ತಿಟ್ಟಳು. ಅವನು ಉಂಡು ಮತ್ತೆ ಕೈ ಚಾಚಿದನು. ಇಟ್ಟಳು, ಮತ್ತೆ ಚಾಚಿದನು. ಆಕೆ ಅಳುತ್ತ ಅಳುತ್ತ ಇಟ್ಟಳು. ಪಾತ್ರೆಯ ತಳ ಕಂಡಾಗ ತನ್ನ ಹೊಟ್ಟೆಯೂ ಚುರುಗುಟ್ಟುತ್ತಿರುವುದು ಆಕೆಗೆ ತಿಳಿಯಿತು.

ಇಲ್ಲಿಗೆ ಕಥೆ ಮುಗಿಯಿತು. ಇದನ್ನು ಹೇಳಿದವರ ಕೈ ಬಡಿಸುವುದಕ್ಕೆ ಹಿಂಜರಿಯದಿರಲಿ, ಕೇಳಿದವರ ಮನೆಯಲ್ಲಿ ಹಸಿವೆಯೂ ಅನ್ನವೂ ಒಂದನ್ನೊಂದು ಅಗಲದಿರಲಿ, ಹೂಂಗುಟ್ಟಿದವರ ಮಕ್ಕಳ ಹೊಟ್ಟೆ ತಣ್ಣಗಿರಲಿ. ಮಾಳವ್ವೆಗೆ ಒಲಿದ ಬಟ್ಟಲಗೌರಿ ನಮಗೂ ಒಲಿಯಲಿ. ಅಕ್ಷತೆ ಹಾಕಿ ಕೈ ಮುಗಿಯಿರಿ. ಇನ್ನು ಏಳಿರಿ, ಪಾಯಸ ಆರುತ್ತಿದೆ, ಮೊದಲ ಬಟ್ಟಲು ಹೊರಗೆ ನಿಂತವರಿಗೆ ಹೋಗಲಿ.